ಗಾಜಿನ ಮೇಲಿಟ್ಟ ಸಂಸಾರ

ದಿನವಿಡೀ ಅರ್ಜಿ, ರಸೀದಿ, ಕ್ರಯಪತ್ರ, ಸುತ್ತೋಲೆಗಳ ನಕಲು ತೆಗೆಯುವುದಕ್ಕೆಂದೇ ನಿರ್ಮಿತವಾಗಿ, ಕಚೇರಿಯ ಮೂಲೆಯೊಂದನ್ನು ಬಿಟ್ಟರೆ ಅನ್ಯತ್ರ ಸ್ಥಾನವಿಲ್ಲವೆಂದು ಎಲ್ಲರೂ ತಿಳಿದಿದ್ದ ಯಂತ್ರವೊಂದನ್ನು, 1970ರ ದಶಕದ ಉತ್ತರಾರ್ಧದಲ್ಲಿ, ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಸ್ಟೋನಿಂಗ್ಟನ್ ಎಂಬ ಕಡಲತಡಿಯ ಊರಿನಲ್ಲಿ, ಗೃಹಿಣಿಯೊಬ್ಬರು ತಮ್ಮ ಮನೆಯೊಳಕ್ಕೆ ತರಿಸಿಕೊಂಡು, ಸುಮಾರು ಎರಡೂವರೆ ವರ್ಷಗಳ ಕಾಲ ಅದರ ಗಾಜಿನ ಮೇಲೆ ತಾವು ಕಂಡ ಮತ್ತು ಬಳಸಿದ ವಸ್ತುಗಳನ್ನು ಒಂದೊಂದಾಗಿ ಇಟ್ಟು ಚಿತ್ರ ತೆಗೆದರು. ಯಂತ್ರದ ಹೆಸರು ಐಬಿಎಂ ಕಾಪಿಯರ್ ಎರಡು. ಗೃಹಿಣಿಯ ಹೆಸರು ಪ್ಯಾಟಿ ಹಿಲ್. ಕಚೇರಿಯ ಮತ್ತು ಮನೆಯ ಯಂತ್ರಗಳಿಂದ ಕಲೆಯನ್ನು ಸೃಜಿಸಲು ಹೊರಟವರು ಲೋಕದಲ್ಲಿ ಹಲವರುಂಟು. ಅವರ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶವಾದರೂ, ಬರೆಯಲು ಕುಳಿತಾಗ ಮನಸ್ಸು ಮತ್ತೆ ಮತ್ತೆ ಈ ಒಬ್ಬ ಹೆಂಗಸಿನ ಕಡೆಗೇ ಹರಿಯುತ್ತದೆ. ಅದನ್ನು ತಡೆಯುವ ಇಚ್ಛೆಯೂ ನನಗಿಲ್ಲ.

1921ರಲ್ಲಿ ಕೆಂಟಕಿ ಪ್ರಾಂತದಲ್ಲಿ ಹುಟ್ಟಿದ ಹಿಲ್, ತಾರುಣ್ಯದಲ್ಲಿ ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಗರಗಳ ಉಡುಪುಗಾರರಿಗೆ ರೂಪದರ್ಶಿಯಾಗಿ ದುಡಿದವರು. ತರುವಾಯ ಲೇಖನಿಯನ್ನು ಹಿಡಿದು ಕಾದಂಬರಿಗಳನ್ನು ಬರೆದು, ‘ದಿ ಪ್ಯಾರಿಸ್ ರಿವ್ಯೂ’ ಪತ್ರಿಕೆಗಾಗಿ 1957ರಲ್ಲಿ ಲೇಖಕ ಟ್ರೂಮನ್ ಕಪೋಟಿಯವರ ಸಂದರ್ಶನವನ್ನು ನಡೆಸಿ, ಸಾಹಿತ್ಯವಲಯದಲ್ಲಿ ಒಂದು ಮಟ್ಟದ ಹೆಸರನ್ನು ಪಡೆದವರು. ಕಲಾಕೃತಿಗಳ ಪ್ರದರ್ಶನಶಾಲೆ ನಡೆಸುತ್ತಿದ್ದ ಪಾಲ್ ಬಿಯಾಂಚೀನಿಯವರನ್ನು ವಿವಾಹವಾಗಿ, 1962ರಲ್ಲಿ ಮಗಳು ಹುಟ್ಟಿದ ಮೇಲೆ, ಬರವಣಿಗೆಯನ್ನು ಬದಿಗಿರಿಸಿ ಗೃಹಕೃತ್ಯದಲ್ಲಿ ತೊಡಗಿದರು. ಇಂತಹ ನಿವೃತ್ತಿಯನ್ನು ಜೀವನಚರಿತ್ರಕಾರರು ಸಾಮಾನ್ಯವಾಗಿ ಒಂದು ಖಾಲಿ ಪುಟವೆಂದು ದಾಟಿಬಿಡುತ್ತಾರೆ. ಆದರೆ ಹಿಲ್ ಅವರ ಕಲೆಯ ಬೀಜಗಳೆಲ್ಲ ಬಿದ್ದದ್ದು ಆ ವರ್ಷಗಳಲ್ಲಿಯೇ ಎಂದು ನಾನು ಬಲವಾಗಿ ನಂಬುತ್ತೇನೆ. ಮನೆಯನ್ನು ಒಪ್ಪಗೊಳಿಸುವವರ ಕೈಗೆ ದಿನವೂ ಎಷ್ಟು ಕ್ಷುದ್ರವಸ್ತುಗಳು ಬರುತ್ತವೆಂಬುದನ್ನು ಎಣಿಸಿದವರಿಲ್ಲ. ಎಸೆಯಲು ಮನಸ್ಸು ಬಾರದ, ಇಟ್ಟುಕೊಳ್ಳಲು ಜಾಗವಿರದ ಅಂತಹ ವಸ್ತುಗಳನ್ನು ಕೂಡಿಟ್ಟುಕೊಳ್ಳುತ್ತಿದ್ದ ಆಕೆಗೆ, 1970ರ ದಶಕದ ಮೊದಲಿನಲ್ಲಿ, ಅವುಗಳ ಗುರುತನ್ನು ನಕಲು ಯಂತ್ರದಲ್ಲಿ ಇಳಿಸಿಕೊಳ್ಳಬಹುದೆಂಬ ಉಪಾಯ ಹೊಳೆಯಿತು.

ಕ್ಯಾಮೆರಾದಲ್ಲಿ ಅದೇ ಕೆಲಸವನ್ನು ಮಾಡಬಹುದಿತ್ತಲ್ಲವೇ ಎಂದು ಕೇಳುವವರು, ಎರಡು ಯಂತ್ರಗಳ ದೃಷ್ಟಿಭೇದವನ್ನು ಗಮನಿಸಬೇಕು. ಕ್ಯಾಮೆರಾ ದೂರದಲ್ಲಿ ನಿಂತು ನೋಡುತ್ತದೆ. ನಕಲು ಯಂತ್ರದ ದೃಷ್ಟಿಯಾದರೋ ಗಾಜಿನ ಮೇಲ್ಮೈಯಲ್ಲಿಯೇ ನೆಟ್ಟಿರುವುದರಿಂದ, ಗಾಜಿಗೆ ತಾಗಿಕೊಂಡ ಭಾಗ ಮಾತ್ರ ಎಳೆಎಳೆಯಾಗಿ ಸ್ಫುಟಗೊಂಡು, ತುಸು ಮೇಲೆದ್ದಿರುವುದು ಮಸುಕಾಗಿ, ಅದಕ್ಕೂ ಆಚೆಗಿನದೆಲ್ಲ ಗಾಢಾಂಧಕಾರದಲ್ಲಿ ಲೀನವಾಗುತ್ತದೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಕಣ್ಣಿನ ನಿಯಮ ಅದಕ್ಕಿಲ್ಲ. ವಸ್ತು ಎಷ್ಟಿದೆಯೋ ಚಿತ್ರವೂ ಅಷ್ಟೇ. ಇದೆಲ್ಲಕ್ಕಿಂತ ಸೋಜಿಗದ ಸಂಗತಿಯೆಂದರೆ, ವಸ್ತುವನ್ನು ಮಕಾಡೆ ಮಲಗಿಸಿದ ಕಲಾವಿದೆಗೆ ಅದರ ಬೆನ್ನು ಕಾಣುತ್ತಿರುವಾಗ, ಯಂತ್ರವು ಕಾಣುವುದು ಅದರ ಮುಖವನ್ನು. ಕಾಗದ ಹೊರಬರುವ ತನಕ ತಾನು ಏನನ್ನು ಮಾಡಿದೆನೆಂಬುದು ಮಾಡಿದವಳಿಗೇ ತಿಳಿಯದು. ಕರ್ತೃವಿನ ಅಹಂಭಾವಕ್ಕೆ ಎಡೆಯೇ ಇಲ್ಲದ ಈ ಕ್ರಮವನ್ನು ಹಿಲ್ ತುಂಬ ಮೆಚ್ಚಿಕೊಂಡಿದ್ದರು. ಐಬಿಎಂ ಯಂತ್ರದ ಕಪ್ಪು ಅತಿ ಗಾಢವಾದದ್ದು; ಆ ಕಪ್ಪಿನ ನಡುವೆ ಅಲ್ಲಲ್ಲಿ ಮೂಡುವ ಬಿಳಿಯ ಚುಕ್ಕೆ, ಒಡಕುಗಳನ್ನು ಕಚೇರಿಯ ಗುಮಾಸ್ತರು ದೋಷವೆಂದು ದೂರುತ್ತಿದ್ದರೆ, ಈಕೆ ಅವುಗಳನ್ನು ತಿದ್ದಲು ಹೋಗದೆ ಚಿತ್ರದ ಅಂಗವಾಗಿಯೇ ಉಳಿಸಿಕೊಂಡರು.

1975ರಲ್ಲಿ ಪ್ರಕಟವಾದ ‘ಸ್ಲೇವ್ ಡೇಸ್’ ಎಂಬ ಪುಸ್ತಕದಲ್ಲಿ 29 ಕವಿತೆಗಳೂ ಹೀಗೆ ಯಂತ್ರವು ಕಂಡ 31 ವಸ್ತುಗಳೂ ಜೊತೆಗೂಡಿವೆ. ಚಿತ್ರವು ಕವಿತೆಯನ್ನು ವಿವರಿಸುವುದಾಗಲಿ, ಕವಿತೆಯು ಚಿತ್ರಕ್ಕೆ ಅಡಿಬರಹವಾಗುವುದಾಗಲಿ ಹಿಲ್ ಅವರಿಗೆ ಬೇಕಿರಲಿಲ್ಲ. ಎರಡೂ ಬೆರೆತು, ಎರಡೂ ಅಲ್ಲದ ಮೂರನೆಯದೊಂದು ಹುಟ್ಟಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಅನಂತರ ಬಂದದ್ದು ಹಂಸ. ಸತ್ತ ಹಂಸವೊಂದು ದೊರೆಯಲು, ಅದರ ರೆಕ್ಕೆ, ಗರಿ, ಪಾದಗಳನ್ನು ಭಾಗಭಾಗವಾಗಿ ಗಾಜಿನ ಮೇಲಿಟ್ಟು ತೆಗೆದ ಚಿತ್ರಗಳಿಗೆ ಚಿಕ್ಕ ಚಿಕ್ಕ ಬರಹಗಳನ್ನು ಹೊಂದಿಸಿ, 1978ರಲ್ಲಿ ಒಂಬತ್ತು ಅಧ್ಯಾಯಗಳ ಸಂಗೀತರೂಪಕವೆಂಬ ಹೆಸರಿನಿಂದ ಅದನ್ನು ಸಂಯೋಜಿಸಿದರು. ಹಂಸವನ್ನು ಕಾವ್ಯದಲ್ಲಿ ಮಾತ್ರ ಕಂಡಿರುವ ನಮ್ಮಂಥವರಿಗೆ, ಕಪ್ಪಿನ ಆಳದಿಂದ ಎದ್ದು ಬರುವ ಒಂದೊಂದು ಗರಿಯ ದಂಡವನ್ನೂ ಅದರ ಇಕ್ಕೆಲದ ಎಳೆಗಳನ್ನೂ ನೋಡುವಾಗ, ಈ ಪಕ್ಷಿಯನ್ನು ಇಷ್ಟು ಸಮೀಪದಿಂದ ಯಾರೂ ತೋರಿಸಿರಲಿಲ್ಲವಲ್ಲ ಎನಿಸುತ್ತದೆ.

ಅಷ್ಟು ಬೆಲೆಬಾಳುವ, ಕಂಪನಿಯು ಬಾಡಿಗೆಯ ಮೇಲೆ ಕಚೇರಿಗಳಿಗೆ ಕೊಡುತ್ತಿದ್ದಂಥ ಯಂತ್ರವು ಒಂದು ಮನೆಗೆ ಬಂದದ್ದಾದರೂ ಹೇಗೆ? ಪ್ರಸಿದ್ಧ ವಿನ್ಯಾಸಕಾರ ಚಾರ್ಲ್ಸ್ ಈಮ್ಸ್ ಅವರು, ತಾವು ಬಹುಕಾಲ ಕೆಲಸ ಮಾಡಿಕೊಟ್ಟಿದ್ದ ಐಬಿಎಂ ಸಂಸ್ಥೆಗೆ ಹೇಳಿ, ಎರವಲಾಗಿ ಅದನ್ನು ಕೊಡಿಸಿದರು. ಈ ಈಮ್ಸ್ ನಮಗೆ ಅಪರಿಚಿತರಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಪತ್ನಿ ರೇ ಅವರೊಡನೆ ಈ ದೇಶವನ್ನೆಲ್ಲ ಸುತ್ತಿ, 1958ರಲ್ಲಿ ಅವರು ಒಪ್ಪಿಸಿದ ವರದಿಯಿಂದಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತಲೆಯೆತ್ತಿತು. ಆ ವರದಿಯಲ್ಲಿ ಅವರು ಎಲ್ಲಕ್ಕಿಂತ ಮಿಗಿಲಾಗಿ ಕೊಂಡಾಡಿದ ವಸ್ತು ನಮ್ಮ ತಂಬಿಗೆ. ಅದರ ಕಂಠ, ಅದರ ಭಾರ, ಸೊಂಟದ ಮೇಲೋ ತಲೆಯ ಮೇಲೋ ಅದು ಕೂರುವ ಬಗೆ, ಬರಿದಾದಾಗ ಮತ್ತು ತುಂಬಿದಾಗ ಅದರ ತೂಕದ ಹದ, ಇವೆಲ್ಲವನ್ನೂ ಅಷ್ಟು ಶ್ರದ್ಧೆಯಿಂದ ವಿಚಾರಿಸಿದ ಮನುಷ್ಯನಿಗೆ, ಮನೆಯ ಸಣ್ಣಪುಟ್ಟ ಸಾಮಾನುಗಳ ಮುಂದೆ ತಲೆಬಾಗಿ ನಿಂತ ಈ ಹೆಂಗಸಿನ ಮನಸ್ಸು ಅರ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಯಂತ್ರದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬೇಕು. 1906ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿ, ಕಡುಬಡತನದಲ್ಲಿ ಬೆಳೆದು, ಭೌತಶಾಸ್ತ್ರದ ಪದವೀಧರನಾಗಿಯೂ ನ್ಯೂಯಾರ್ಕಿನ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿ ಕಾಗದಪತ್ರಗಳ ನಡುವೆ ದಿನ ಕಳೆಯುತ್ತಿದ್ದ ಚೆಸ್ಟರ್ ಕಾರ್ಲ್‌ಸನ್, ನಕಲು ಮಾಡುವ ಕಷ್ಟವನ್ನು ಸ್ವತಃ ಅನುಭವಿಸಿದವನು. ಸಂಧಿವಾತವು ಅವನ ಬೆರಳುಗಳನ್ನು ಆಗಲೇ ಬಾಧಿಸತೊಡಗಿತ್ತು. ಮೊದಲ ಪ್ರಯೋಗಗಳನ್ನು ಅವನು ನಡೆಸಿದ್ದು ತನ್ನ ಅಡುಗೆಮನೆಯಲ್ಲಿ, ಗಂಧಕದ ದುರ್ಗಂಧವನ್ನು ಎಬ್ಬಿಸುತ್ತ. ಆಮೇಲೆ ಆಸ್ಟೋರಿಯ ಎಂಬ ಬಡಾವಣೆಯಲ್ಲಿ ಬಾಡಿಗೆಯ ಕೋಣೆಯೊಂದನ್ನು ಹಿಡಿದು, ಆಸ್ಟ್ರಿಯಾದಿಂದ ಬಂದಿದ್ದ ಆಟೊ ಕಾರ್ನಾಯ್ ಎಂಬ ಸಹಾಯಕನೊಡನೆ, 1938ರ ಅಕ್ಟೋಬರ್ 22ರಂದು, ಗಂಧಕದ ಲೇಪವಿದ್ದ ಸತುವಿನ ತಗಡನ್ನು ಬಟ್ಟೆಯಿಂದ ಚೆನ್ನಾಗಿ ಉಜ್ಜಿ ವಿದ್ಯುದಾವೇಶಗೊಳಿಸಿ, ಆ ದಿನದ ತಾರೀಖನ್ನೂ ಸ್ಥಳದ ಹೆಸರನ್ನೂ ಮಸಿಯಲ್ಲಿ ಬರೆದಿದ್ದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು, ಕೆಲವು ಕ್ಷಣಗಳ ಕಾಲ ದೀಪದ ಬೆಳಕನ್ನು ಬೀರಿ, ನುಣುಪಾದ ಪುಡಿಯನ್ನು ಉದುರಿಸಿ ಊದಲು, ಒದ್ದೆ ನೆಲಕ್ಕೆ ರಂಗೋಲಿಯ ಹುಡಿ ಕಚ್ಚಿಕೊಳ್ಳುವಂತೆ, ಬೆಳಕು ತಾಗದೆ ಆವೇಶವುಳಿದ ಅಕ್ಷರಗಳಿಗಷ್ಟೇ ಪುಡಿ ಅಂಟಿ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಬಿಸಿ ತಾಗಿಸಿದರು. ನಮ್ಮ ಬೀದಿಬೀದಿಯ ಜೆರಾಕ್ಸ್ ಅಂಗಡಿಗಳೆಲ್ಲ ಆ ಒಂದು ಚೂರು ಕಾಗದದ ಸಂತತಿ. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಅವನನ್ನು ಬರಿಗೈಯಲ್ಲಿ ಕಳಿಸಿದ ಬಳಿಕ, ಹ್ಯಾಲಾಯ್ಡ್ ಎಂಬ ಸಣ್ಣ ಸಂಸ್ಥೆಯ ಆಶ್ರಯ ದೊರೆತು, 1959ರಲ್ಲಿ ‘ಜೆರಾಕ್ಸ್ 914’ ಮಾರುಕಟ್ಟೆಗೆ ಬಂದಿತು. ಬಂದ ಸಂಪತ್ತಿನ ಬಹುಭಾಗವನ್ನು ಕಾರ್ಲ್‌ಸನ್ ದಾನಮಾಡಿ, 1968ರಲ್ಲಿ ತೀರಿಕೊಂಡನು. ಅಡುಗೆಮನೆಯಲ್ಲಿ ಆರಂಭವಾದ ವಿದ್ಯೆಯು ಕಚೇರಿಯನ್ನು ಸೇರಿ, ಹಿಲ್ ಅವರ ದೆಸೆಯಿಂದ ಮತ್ತೆ ಮನೆಗೆ ಬಂದಿತೆಂಬುದನ್ನು ನೆನೆದಾಗ ನನಗೆ ಅಪಾರವಾದ ಸಂತೋಷವಾಗುತ್ತದೆ.

ಈ ಯಂತ್ರದಲ್ಲಿ ಕಲೆಯ ಶಕ್ತಿಯಿದೆಯೆಂದು ಬಹುಮೊದಲೇ ಕಂಡವರಲ್ಲಿ ಇಟಲಿಯ ಬ್ರೂನೊ ಮುನಾರಿ ಒಬ್ಬರು. ಗಾಜಿನ ಕೆಳಗೆ ಬೆಳಕಿನ ಪಟ್ಟಿ ಈ ತುದಿಯಿಂದ ಆ ತುದಿಗೆ ಸರಿಯುತ್ತಿರುವಷ್ಟು ಹೊತ್ತಿನಲ್ಲಿ, ಮೇಲಿಟ್ಟ ಕಾಗದವನ್ನು ಎಳೆದರೆ, ತಿರುಗಿಸಿದರೆ, ನಡುಗಿಸಿದರೆ, ಆ ಚಲನೆಯೇ ಚಿತ್ರದಲ್ಲಿ ಗೆರೆಗಳಾಗಿ ಹರಡಿಕೊಳ್ಳುತ್ತದೆ. ನಕಲಿಗೆಂದು ಹುಟ್ಟಿದ ಯಂತ್ರದಿಂದ ಎರಡನೆಯ ಸಲ ದೊರೆಯಲಾರದ ಚಿತ್ರಗಳನ್ನು 1960ರ ದಶಕದಲ್ಲಿಯೇ ತೆಗೆದ ಮುನಾರಿ, 1970ರ ವೆನಿಸ್ ಬಿಯನಾಲೆ ಕಲಾಪ್ರದರ್ಶನದಲ್ಲಿ ಯಂತ್ರವನ್ನೇ ಜನರ ಮುಂದಿರಿಸಿದರು. ನಕಲಿನ ನಕಲು, ಅದರ ನಕಲು ಎಂದು ತಲೆಮಾರುಗಳನ್ನು ಇಳಿಸುತ್ತ ಹೋಗಿ, ನಡುವಣ ಬಣ್ಣಗಳೆಲ್ಲ ಸವೆದು ಕಪ್ಪುಬಿಳುಪಿನ ಅಸ್ಥಿಪಂಜರ ಮಾತ್ರ ಉಳಿಯುವ ತನಕ ಕಾದವರು ಬೇರೆ ಕೆಲವರು.

ಇವೆಲ್ಲವನ್ನೂ ಶಾಸ್ತ್ರವಾಗಿ ಕಲಿಸಿದವರು ಷಿಕಾಗೋದ ಸೋನಿಯಾ ಲ್ಯಾಂಡಿ ಶೆರಿಡನ್. ಅಲ್ಲಿಯ ಆರ್ಟ್ ಇನ್‌ಸ್ಟಿಟ್ಯೂಟಿನ ಕಲಾಶಾಲೆಯಲ್ಲಿ 1970ರಲ್ಲಿ ಅವರು ತೆರೆದ ‘ಜನರೇಟಿವ್ ಸಿಸ್ಟಮ್ಸ್’ ಎಂಬ ವಿಭಾಗದಲ್ಲಿ, ಈಸೆಲ್ ಮತ್ತು ಕುಂಚಗಳಿರಬೇಕಾದ ಎಡೆಯಲ್ಲಿ, ಶಾಖದಿಂದ ನಕಲು ತೆಗೆಯುವ ಥರ್ಮೊಫ್ಯಾಕ್ಸ್, 3ಎಂ ಕಂಪನಿಯ ‘ಕಲರ್ ಇನ್ ಕಲರ್’ ಎಂಬ ಮೊದಮೊದಲ ಬಣ್ಣದ ಯಂತ್ರ, ತಂತಿಯ ಮೂಲಕ ಚಿತ್ರವನ್ನು ಕಳುಹುವ ಟೆಲಿಕಾಪಿಯರ್ ಮೊದಲಾದವು ನೆಲೆಸಿದ್ದವು. ಯಂತ್ರ ಹೊರಹಾಕಿದ ಬಣ್ಣವನ್ನು ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಬಟ್ಟೆಯ ಮೇಲಕ್ಕೆ ಇಳಿಸುವುದೂ ಈ ಕಲೆಯವರಲ್ಲಿ ರೂಢಿಯಾಯಿತು. ಯಂತ್ರವನ್ನು ಕೊಂಡು ಬಳಸಿದರೆ ಸಾಲದು, ಅದರ ಹೊಟ್ಟೆಯೊಳಗೆ ಬೆಳಕು, ಶಾಖ, ವಿದ್ಯುತ್ತುಗಳು ಏನು ಮಾಡುತ್ತವೆಂಬುದನ್ನು ವಿದ್ಯಾರ್ಥಿ ಅರಿತಿರಬೇಕೆಂಬುದು ಆ ಶಾಲೆಯ ನಿಲುವು.

ಇಷ್ಟೆಲ್ಲ ನಡೆದರೂ ಈ ಕಲೆಗೆ ಮನೆ ದೊರೆಯಲಿಲ್ಲ. ಛಾಯಾಚಿತ್ರದವರು ಇದು ಛಾಯಾಚಿತ್ರವಲ್ಲವೆಂದರು. ಅಚ್ಚಿನ ಕಲೆಯವರು ಇದು ಅಚ್ಚಲ್ಲವೆಂದರು. ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಬರುವ ಕಾಗದಕ್ಕೆ ಬೆಲೆ ಕಟ್ಟುವುದು ಹೇಗೆಂದು ವ್ಯಾಪಾರಿಗಳು ಹಿಂಜರಿದರು. ಸ್ಪೇನಿನ ಕುಯೆಂಕಾ ನಗರದಲ್ಲಿ 1990ರಲ್ಲಿ, ಹೋಸೆ ರಮೋನ್ ಅಲ್ಕಲಾ ಅವರ ಪ್ರಯತ್ನದಿಂದ, ಈ ಕಲೆಗೆಂದೇ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಗಿ, ಚದುರಿಹೋಗುತ್ತಿದ್ದ ಕೃತಿಗಳಿಗೆ ಒಂದು ನೆಲೆಯಾಯಿತೆಂಬುದು ಸಮಾಧಾನದ ಸಂಗತಿ. ಹಿಲ್ ದಂಪತಿಗಳೂ ಫ್ರಾನ್ಸಿನ ಸಾನ್ಸ್ ಎಂಬ ಊರಿನಲ್ಲಿ ಈ ಕಲೆಗಾಗಿ ಪ್ರದರ್ಶನಶಾಲೆಯೊಂದನ್ನು ತೆರೆದು, ಯಂತ್ರದ ಕರಿಪುಡಿಯ ಹೆಸರನ್ನೇ ಅದಕ್ಕಿಟ್ಟು ‘ಟೋನರ್’ ಎಂದು ಕರೆದರು. ಹಿಲ್ ಅವರ ಕಡೆಯ ಮಹಾಸಂಕಲ್ಪವಾದರೋ ವರ್ಸಾಯ್ ಅರಮನೆಯನ್ನೇ ನಕಲು ಮಾಡುವುದಾಗಿತ್ತು: ಅಂಗಳದ ನೆಲಗಲ್ಲು, ಗಂಟೆಯ ಹಗ್ಗ, ಬೇರು ಸಹಿತವಾದ ಪೇರುಮರ, ಹೀಗೆ ಒಂದು ಸಾಮ್ರಾಜ್ಯದ ವೈಭವವನ್ನು ಗಾಜಿನಷ್ಟಗಲದ ತುಂಡುಗಳಲ್ಲಿ ಹಿಡಿಯಲು ಆಕೆ ವರ್ಷಗಟ್ಟಲೆ ದುಡಿದರು. 2014ರಲ್ಲಿ ಅವರು ಮಡಿದ ಮೇಲೆ ಅವರ ಕಾಗದಪತ್ರಗಳು ಪೆನ್ಸಿಲ್ವೇನಿಯಾದ ಆರ್ಕೇಡಿಯಾ ವಿಶ್ವವಿದ್ಯಾಲಯದಲ್ಲಿ ಉಳಿದಿವೆ.

ಬೆಳಕೇ ನೇರವಾಗಿ ಒಳಗಿನ ಚಿತ್ರಗ್ರಾಹಿ ಉರುಳೆಯಾದ ಡ್ರಮ್ಮನ್ನು ಮುಟ್ಟುತ್ತಿದ್ದ ಆ ಹಳೆಯ ಯಂತ್ರಗಳು ಈಗ ತಯಾರಾಗುವುದಿಲ್ಲ. ಇಂದಿನವು ಕಾಗದವನ್ನು ಮೊದಲು ಅಂಕಿಗಳಾಗಿ ಓದಿಕೊಂಡು, ಅನಂತರ ಲೇಸರಿನಿಂದ ಮುದ್ರಿಸುತ್ತವೆ. ತಾಲ್ಲೂಕು ಕಚೇರಿಯ ಎದುರಿನಲ್ಲಿ, ಕಾಲೇಜಿನ ಬಾಗಿಲಿನಲ್ಲಿ, ನ್ಯಾಯಾಲಯದ ಪಕ್ಕದಲ್ಲಿ ಒಂದು ಕಾಲದಲ್ಲಿ ಬಿಸಿಯುಸಿರು ಬಿಡುತ್ತ ನಿಂತಿದ್ದ ಹಳೆಯ ಯಂತ್ರಗಳನ್ನು ಅಂಗಡಿಯವರು ಗುಜರಿಗೆ ತೂಕಕ್ಕೆ ಹಾಕುತ್ತ ಬಂದಿದ್ದಾರೆ. ಅವರನ್ನು ದೂರುವಂತಿಲ್ಲ, ಬಾಡಿಗೆ ಕಟ್ಟುವವರಿಗೆ ಜಾಗವೂ ಹಣವೇ. ಆದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಾಗಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಾಗಲಿ, ಅಚ್ಚಿನ ಕಲೆಯನ್ನು ಕಲಿಸುವ ಕೋಣೆಯಲ್ಲಿ ಅಂಥ ಒಂದು ಯಂತ್ರಕ್ಕೆ ಮೂರಡಿ ಜಾಗ ದೊರೆತರೆ, ಅದರ ಡ್ರಮ್ಮನ್ನು ಒರೆಸಿ ಟೋನರ್ ತುಂಬಬಲ್ಲ ಮೆಕ್ಯಾನಿಕ್ಕುಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹಲ್ಲು ಮುರಿದ ಹಣಿಗೆ, ಅಜ್ಜಿಯ ಎಲೆಯಡಿಕೆಯ ಚೀಲ, ಸವೆದ ಒನಕೆಯ ತುದಿಯ ಕಬ್ಬಿಣದ ಬಳೆ, ಶ್ಯಾವಿಗೆ ಒತ್ತುವ ಅಚ್ಚಿನ ಬಿಲ್ಲೆ, ಇವೆಲ್ಲ ಆ ಗಾಜಿನ ಮೇಲೆ ಮಕಾಡೆ ಮಲಗಿದರೆ ಹೇಗೆ ಕಂಡಾವೆಂಬುದನ್ನು ನೋಡುವ ಆಸೆ ನನಗೆ ಬಹಳವಾಗಿದೆ.