ನೆಟೆ ಬಿದ್ದ ಹೊಲದಾಗ ನಿಂತ ಗಿಡ

ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಒಯ್ಯುತ್ತೇವೆ. ಹೊಲದಾಗ ಚರಗ ಚೆಲ್ಲುತ್ತೇವೆ. ಆ ಹೊತ್ತಿಗೆ ತೊಗರಿ ಕಾಯಿ ಕಟ್ಟಿರುತ್ತದೆ. ಹೊಲ ನೋಡಲಿಕ್ಕೆ ಚಂದ.

ಕೆಲವು ವರ್ಷ ಮಾತ್ರ ಹಾಗಿರುವುದಿಲ್ಲ. ಹಚ್ಚಗಿನ ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಒಣಗಿ ನಿಂತಿರುತ್ತದೆ. ಎಂಟು ದಿನ ಬಿಟ್ಟು ಹೋದರೆ ಒಂದು ಪಟ್ಟಿಯೇ ಒಣಗಿರುತ್ತದೆ. ನೆಲದಲ್ಲಿ ಹಸಿ ಇರುತ್ತದೆ. ಗಿಡ ಮಾತ್ರ ನೀರು ಕಾಣದಂತೆ ಬಾಡಿರುತ್ತದೆ. ಬಿತ್ತಿದ್ದು, ಕಳೆ ತೆಗೆದದ್ದು, ಎಣ್ಣೆ ಹೊಡೆದದ್ದು ಎಲ್ಲ ನೀರಿಗೆ ಹೋಯಿತು. ಹೊಲ ಇದ್ದವರಿಗೆ ಸಾಲ ಉಳಿಯಿತು. ಹೊಲ ಇಲ್ಲದವರಿಗೆ ತೊಗರಿ ಕೊಯ್ಯುವ ಕೂಲಿ ತಪ್ಪಿತು.

"ಯಾರ ಕಣ್ಣು ಬಿತ್ತೋ ಏನೋ" ಅಂತ ಹಿರಿಯರು ಹೇಳುತ್ತಾರೆ. ಯಾರ ಕಣ್ಣೂ ಅಲ್ಲ. ಇದು ನೆಟೆ ರೋಗ. ಒಣಗಿದ ಗಿಡವನ್ನು ಕಿತ್ತು ಬುಡದ ಕಡೆ ಸೀಳಿ ನೋಡ್ರಿ. ಒಳಗೆ ಕಪ್ಪು ಗೆರೆ ಕಾಣುತ್ತದೆ. ಹಳಸಿದ ರೊಟ್ಟಿಯ ಮೇಲೆ ಬೂಜು ಹಿಡಿಯುತ್ತದಲ್ಲ, ಅಂಥದೇ ಒಂದು ಬೂಜು ಮಣ್ಣಿನಲ್ಲಿ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬೇರಿನಿಂದ ಒಳಗೆ ಸೇರುತ್ತದೆ. ಗಿಡ ನೀರು ಎಳೆಯುವ ದಾರಿಯನ್ನು ಮುಚ್ಚಿಬಿಡುತ್ತದೆ. ನೀರು ಮೇಲೆ ಏರುವುದಿಲ್ಲ. ಗಿಡ ಸಾಯುತ್ತದೆ.

ಮೇಲೆ ಎಷ್ಟು ಎಣ್ಣೆ ಹೊಡೆದರೂ ರೋಗ ಬಿದ್ದ ಗಿಡ ಬದುಕುವುದಿಲ್ಲ. ಯಾಕಂದರೆ ರೋಗ ಇರುವುದು ಮಣ್ಣಿನಲ್ಲಿ, ಬೇರಿನಲ್ಲಿ. ತೊಗರಿ ಕೂಳೆಯಲ್ಲಿ ಆ ಬೂಜು ಎರಡು ಮೂರು ವರ್ಷ ಜೀವ ಹಿಡಿದುಕೊಂಡು ಇರುತ್ತದೆ. ಮತ್ತೆ ಅದೇ ಹೊಲದಲ್ಲಿ ತೊಗರಿ ಬಿತ್ತಿದರೆ ಮತ್ತೆ ಏಳುತ್ತದೆ.

ಹಾಗಾದರೆ ದಾರಿ ಏನು? ಒಂದು ದಾರಿ ಬೀಜದಲ್ಲಿ ಇದೆ.

ಬೇಕಂತಲೇ ರೋಗ ಬೆಳೆಸಿದ ಹೊಲ

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದರೆ ದೊಡ್ಡ ರೋಡ್ ಸಿಗುತ್ತದೆ. ಅದೇ ರೋಡಿನಲ್ಲಿ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿನ ಕಡೆ ಹೋದರೆ ಪಟಾನ್‌ಚೆರು ಬರುತ್ತದೆ. ಅಲ್ಲಿ ಇಕ್ರಿಸ್ಯಾಟ್ ಎಂಬ ದೊಡ್ಡ ಸಂಶೋಧನಾ ಕೇಂದ್ರ ಇದೆ. 1972ರಲ್ಲಿ ಶುರುವಾಯಿತು. ಮಳೆ ಕಡಿಮೆ ಇರುವ ನೆಲದ ಬೆಳೆಗಳೇ ಅದರ ಕೆಲಸ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ. ಅಂದರೆ ನಮ್ಮ ಅಡುಗೆ ಮನೆಯ ಕಾಳುಗಳೇ.

ಅಲ್ಲಿಯ ವಿಜ್ಞಾನಿಗಳು ಒಂದು ಹೊಲವನ್ನು ಬೇಕಂತಲೇ ಕೆಡಿಸಿದರು. ನೆಟೆ ಬಿದ್ದು ಸತ್ತ ತೊಗರಿ ಗಿಡಗಳನ್ನು ತಂದರು. ಕತ್ತರಿಸಿ ಆ ಮಣ್ಣಿಗೆ ಬೆರೆಸಿದರು. ವರ್ಷ ವರ್ಷ ಹೀಗೇ ಮಾಡಿದರು. ಇಡೀ ಹೊಲಕ್ಕೆ ರೋಗ ಹಬ್ಬಿತು. ನಾವಾದರೆ "ಹುಚ್ಚು ಹಿಡಿದದೇನ್ರಿ ಇವರಿಗೆ" ಅನ್ನುತ್ತಿದ್ದೆವು.

ಆಮೇಲೆ ಆ ಹೊಲದಲ್ಲಿ ನೂರಾರು ಬಗೆಯ ತೊಗರಿ ಬಿತ್ತಿದರು. ಊರೂರಿನ ರೈತರಿಂದ ತಂದ ಬೀಜ ಅದು. ಒಂದೊಂದು ಸಾಲಿಗೆ ಒಂದೊಂದು ಬಗೆ. ನಡು ನಡುವೆ ರೋಗಕ್ಕೆ ಬೇಗ ಬೀಳುವ ತೊಗರಿಯನ್ನೂ ಬಿತ್ತಿದರು. ಅದು ಸತ್ತರೆ ಮಣ್ಣಿನಲ್ಲಿ ರೋಗ ಜೋರಾಗಿದೆ ಎಂದು ತಿಳಿಯುತ್ತದೆ. ಅದೇ ಬದುಕಿದರೆ ಆ ವರ್ಷದ ಪರೀಕ್ಷೆಯನ್ನು ನಂಬುವಂತಿಲ್ಲ.

ಸಾಲು ಸಾಲೇ ಒಣಗಿದವು. ಕೆಲವು ಸಾಲಿನ ಗಿಡ ಮಾತ್ರ ನಿಂತವು. ನಿಂತ ಗಿಡದ ಬೀಜವನ್ನು ಬೇರೆ ತೆಗೆದರು. ಮರು ವರ್ಷ ಅದೇ ರೋಗದ ಹೊಲದಲ್ಲಿ ಮತ್ತೆ ಬಿತ್ತಿದರು. ಮತ್ತೆ ನಿಂತದ್ದನ್ನು ಆರಿಸಿದರು. ಹೀಗೆ ಆರಿಸಿ ಆರಿಸಿ ಸಿಕ್ಕ ಒಂದು ತಳಿಗೆ ಮಾರುತಿ ಎಂದು ಹೆಸರಿಟ್ಟರು. ಅದರ ಮೂಲ ಮಹಾರಾಷ್ಟ್ರದ ನಾಟಿ ತೊಗರಿ. 1986ರಲ್ಲಿ ಅದನ್ನು ಕರ್ನಾಟಕದ ರೈತರಿಗೆ ಬಿಡುಗಡೆ ಮಾಡಿದರು. ನೆಟೆಯಿಂದ ಕೈ ಸುಟ್ಟುಕೊಂಡಿದ್ದ ಈ ಭಾಗದ ರೈತರು ಕೆಲವೇ ವರ್ಷದಲ್ಲಿ ಅದನ್ನು ಹಿಡಿದರು.

ಸುಧಾರಿತ ತಳಿ ಎಂದರೆ ಇದೇ. ತಳಿ ಎಂದರೆ ಬೀಜದ ಜಾತಿ. ಬೀಜಕ್ಕೆ ಬಣ್ಣದ ಪುಡಿ ಹಚ್ಚಿದ ಮಾತ್ರಕ್ಕೆ ಅದು ಸುಧಾರಿತ ಆಗುವುದಿಲ್ಲ. ಒಳ್ಳೆಯ ಗುಣದ ಗಿಡವನ್ನು ಹುಡುಕಿ, ಆ ಗುಣ ಮಕ್ಕಳು ಮೊಮ್ಮಕ್ಕಳಿಗೂ ಬರುತ್ತದೆಯೇ ಎಂದು ನೋಡಿ ನೋಡಿ ಆರಿಸಿದ್ದು ಸುಧಾರಿತ ತಳಿ. ನಮ್ಮ ಅಜ್ಜಿಯರು ರಾಶಿಗೆ ಮೊದಲೇ ದಪ್ಪ ತೆನೆ ಆರಿಸಿ ಬೀಜಕ್ಕೆಂದು ಕಟ್ಟಿ ಇಡುತ್ತಿದ್ದರಲ್ಲ, ಆ ಕೆಲಸವೂ ಇದೇ ಜಾತಿಯದು. ವಿಜ್ಞಾನಿಗಳು ಅದನ್ನು ಲೆಕ್ಕ ಬರೆದು, ದೊಡ್ಡದಾಗಿ ಮಾಡುತ್ತಾರೆ.

ಎರಡು ಗುಣ ಕೂಡಿಸುವುದು

ಒಂದೇ ಗಿಡದಲ್ಲಿ ಎಲ್ಲ ಗುಣ ಸಿಗುವುದಿಲ್ಲ. ಮಾರುತಿ ನೆಟೆ ತಡೆಯಿತು. ಆದರೆ ತೊಗರಿಗೆ ಇನ್ನೊಂದು ರೋಗ ಇದೆ. ಗಿಡ ಹಚ್ಚಗೆ ಪೊದೆಯಂತೆ ಬೆಳೆಯುತ್ತದೆ, ಹೂವೇ ಬಿಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇದನ್ನು ಗಿಡದಿಂದ ಗಿಡಕ್ಕೆ ಹಚ್ಚುತ್ತದೆ. ಪುಸ್ತಕದಲ್ಲಿ ಇದಕ್ಕೆ ಬಂಜೆ ರೋಗ, ಗೊಡ್ಡು ರೋಗ ಎಂದು ಬರೆಯುತ್ತಾರೆ. ಹೆಣ್ಣುಮಕ್ಕಳಿಗೆ ಹಚ್ಚುವ ಬೈಗುಳವನ್ನು ಗಿಡಕ್ಕೂ ಹಚ್ಚಿದ್ದಾರೆ! ನಾವು ಹೂ ಬಾರದ ರೋಗ ಎನ್ನೋಣ. ಈ ರೋಗದ ಮುಂದೆ ಮಾರುತಿ ನಿಲ್ಲಲಿಲ್ಲ.

ಅದಕ್ಕೆ ಎರಡೂ ರೋಗ ತಡೆಯುವ ತಳಿ ಬೇಕಾಯಿತು. ಮಹಾರಾಷ್ಟ್ರದ ಬದನಾಪುರದಿಂದ ಬಿ.ಎಸ್.ಎಂ.ಆರ್. 736 ಬಂತು. ನಮ್ಮ ಬೀದರ್ ಜಿಲ್ಲೆಯಲ್ಲಿ ಬಹಳ ಮಂದಿ ಅದನ್ನು ಬಿತ್ತಿದ್ದಾರೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್. 3 ಆರ್, ಜಿ.ಆರ್.ಜಿ. 811 ಎಂಬ ತಳಿಗಳು ಬಂದವು.

ಗುಣ ಕೂಡಿಸುವುದು ಹೇಗೆ? ಕಡಲೆಯ ಕಥೆ ಹೇಳುತ್ತೇವೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರಿನ ಕಡಲೆ ನಿಮಗೆ ಗೊತ್ತು. ಅಣ್ಣಿಗೇರಿ-1 ತಳಿ 1978ರಲ್ಲಿ ಬಂತು. ಕಾಳು ಒಳ್ಳೆಯದು, ಇಳುವರಿ ಒಳ್ಳೆಯದು. ಆದರೆ ಕಡಲೆಗೂ ನೆಟೆ ಬೀಳುತ್ತದೆ. ಅಣ್ಣಿಗೇರಿ ಅದನ್ನು ತಡೆಯುತ್ತಿರಲಿಲ್ಲ. ನೆಟೆ ತಡೆಯುವ ಬೇರೆ ಒಂದು ಕಡಲೆ ಇತ್ತು. ಒಂದರ ಹೂವು ಅರಳುವ ಮೊದಲೇ ಅದರೊಳಗಿನ ಪರಾಗ, ಅಂದರೆ ಹೂವಿನ ಪುಡಿ, ತೆಗೆದುಬಿಡುತ್ತಾರೆ. ಇನ್ನೊಂದರ ಪುಡಿಯನ್ನು ತಂದು ಅದಕ್ಕೆ ಹಚ್ಚುತ್ತಾರೆ. ಹೂವು ಎಷ್ಟು ಸಣ್ಣದು ನೋಡ್ರಿ. ಸೂಜಿಯಂಥ ಚಿಮಟದಲ್ಲಿ ಮಾಡುವ ಕೆಲಸ ಅದು.

ಹುಟ್ಟಿದ ಗಿಡಕ್ಕೆ ಅರ್ಧ ಗುಣ ತಾಯಿಯದು, ಅರ್ಧ ಗುಣ ತಂದೆಯದು. ನಮಗೆ ಬೇಕಾದದ್ದು ಅಣ್ಣಿಗೇರಿಯೇ. ರೋಗ ತಡೆಯುವ ಗುಣ ಒಂದು ಮಾತ್ರ ಸೇರಬೇಕು. ಅದಕ್ಕೆ ಆ ಗಿಡವನ್ನು ಮತ್ತೆ ಮತ್ತೆ ಅಣ್ಣಿಗೇರಿಯ ಜೊತೆಯೇ ಕೂಡಿಸುತ್ತಾರೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಪಟಾನ್‌ಚೆರುವಿನವರು ಸೇರಿ ಹೀಗೆ ಮಾಡಿದ ಕಡಲೆಗೆ ಸೂಪರ್ ಅಣ್ಣಿಗೇರಿ-1 ಎಂದು ಹೆಸರು.

ಇಷ್ಟೆಲ್ಲ ಮಾಡಿದರೂ ಒಂದು ತಳಿ ಸದಾ ಕಾಲ ನಡೆಯುತ್ತದೆ ಎಂದು ತಿಳಿಯಬಾರದು. ಮಣ್ಣಿನ ಬೂಜು ಕೂಡ ಬದಲಾಗುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನೆಟೆ ಬಿದ್ದು ತೊಗರಿ ಬಹಳ ಹಾಳಾಯಿತು. ಅದೇ ಹೊಲದಲ್ಲಿ ವರ್ಷ ವರ್ಷ ಬರೀ ತೊಗರಿ ಬಿತ್ತಿದರೆ ಬೂಜಿಗೆ ನಾವೇ ಊಟ ಇಟ್ಟಂತೆ. ಹಿಂದೆ ನಮ್ಮವರು ಜೋಳದಲ್ಲಿ ತೊಗರಿ ಅಕ್ಕಡಿ ಹಾಕುತ್ತಿದ್ದರು. ಜೋಳದ ಸಾಲು ನಡುವೆ ಇದ್ದರೆ ನೆಟೆ ಕಡಿಮೆ ಎಂದು ವಿಜ್ಞಾನಿಗಳೂ ಆಮೇಲೆ ಕಂಡುಕೊಂಡರು. ಒಳ್ಳೆ ಬೀಜ ತಂದೆವು ಎಂದು ಆ ಪದ್ಧತಿ ಬಿಡುವುದು ಜಾಣತನ ಅಲ್ಲ.

ರೊಟ್ಟಿ ಬಡಿಯುವವರನ್ನು ಯಾರು ಕೇಳಿದರು?

ಈಗ ಅದೇ ರೋಡಿನ ಇನ್ನೊಂದು ಕಡೆ ಹೋಗೋಣ. ಬಂಗ್ಲಾದಿಂದ ಉಮರ್ಗಾ, ಸೊಲ್ಲಾಪುರ ದಾಟಿದರೆ ಮೋಹೋಳ ಬರುತ್ತದೆ. ಅಲ್ಲಿ 1930ರ ದಶಕದಲ್ಲಿ ಒಂದು ಹಿಂಗಾರಿ ಜೋಳ ಆರಿಸಿದರು. ಆ ಭಾಗದ ರೈತರ ಮಾಲ್ದಂಡಿ ಜೋಳದಿಂದಲೇ ಆರಿಸಿದ್ದು. ಅದರ ಹೆಸರು ಎಂ 35-1. ಮುತ್ತಿನಂಥ ಕಾಳು. ಮೆತ್ತನೆ ರೊಟ್ಟಿ. ದನಕ್ಕೆ ಒಳ್ಳೆ ಕಣಿಕೆ. ಅಷ್ಟು ಹಳೆಯದಾದರೂ ಇಂದಿಗೂ ಅದನ್ನು ಬಿತ್ತುವವರು ಇದ್ದಾರೆ.

1964ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಬಂತು. ಗಿಡ ಗಿಡ್ಡ, ಕಾಳು ಹೆಚ್ಚು, ಬೇಗ ಬರುತ್ತದೆ. ಹಸಿವೆಯ ಕಾಲದಲ್ಲಿ ಅದು ಬಹಳ ಮಂದಿಯ ಹೊಟ್ಟೆ ತುಂಬಿಸಿತು. ಅದನ್ನು ಮರೆಯುವಂತಿಲ್ಲ. ಆದರೆ ಮುಂಗಾರಿ ಹೈಬ್ರಿಡ್ ತೆನೆ ಮಳೆಗೆ ಸಿಕ್ಕರೆ ಕಾಳು ಕಪ್ಪಾಗುತ್ತಿತ್ತು. ಕಣಿಕೆ ಕಡಿಮೆ. "ರಾಶಿ ಬಂತು ಖರೆ ಯವ್ವಾ, ರೊಟ್ಟಿ ಬಡಿಲಿಕ್ಕಿ ಬರಲ್ಲ" ಎಂದು ಹೆಂಗಸರು ಹೇಳುತ್ತಿದ್ದರು. ಆ ಮಾತು ಇಳುವರಿಯ ಲೆಕ್ಕದಲ್ಲಿ ಸೇರಲಿಲ್ಲ.

ಸೇರಬೇಕಿತ್ತು ಎಂದು ನಮ್ಮ ಅಭಿಪ್ರಾಯ. ಎಷ್ಟು ಕ್ವಿಂಟಾಲ್ ಬಂತು ಎಂಬುದು ಒಂದು ಲೆಕ್ಕ. ಬೇಳೆ ಬೇಗ ಬೇಯುತ್ತದೆಯೇ, ಹಿಟ್ಟು ಜಿಗಿ ಬರುತ್ತದೆಯೇ, ಎಮ್ಮೆಗೆ ಮೇವು ಆಗುತ್ತದೆಯೇ, ಇವೂ ಲೆಕ್ಕವೇ. ಇವು ಗೊತ್ತಿರುವುದು ನಮಗೆ. ಬೀಜ ತರುವ ದಿನ ಮನೆಯಲ್ಲಿ ಈ ಮಾತು ನಾವೇ ಎತ್ತಬೇಕು.

ಇನ್ನೊಂದು ಲೆಕ್ಕ ರಕ್ತದ್ದು. 2019-20ರ ಸರಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಕಾಳಿನಲ್ಲಿಯೇ ಆ ಅಂಶ ಹೆಚ್ಚು ಇರುವ ತಳಿಯನ್ನೂ ಈಗ ಆರಿಸುತ್ತಾರೆ. ಪರಭಣಿಯ ಕೃಷಿ ವಿಶ್ವವಿದ್ಯಾಲಯ ಇಕ್ರಿಸ್ಯಾಟ್ ಜೊತೆ ಸೇರಿ 2018ರಲ್ಲಿ ಪರಭಣಿ ಶಕ್ತಿ ಎಂಬ ಜೋಳವನ್ನು ಮಹಾರಾಷ್ಟ್ರದ ರೈತರಿಗೆ ಕೊಟ್ಟಿತು. ಸಾಮಾನ್ಯ ಜೋಳ 1 ಕಿಲೋದಲ್ಲಿ ಸುಮಾರು 30 ಮಿಲಿಗ್ರಾಂ ಕಬ್ಬಿಣ ಇದ್ದರೆ ಇದರಲ್ಲಿ 45. ಸಜ್ಜೆಯಲ್ಲಿ ಧನಶಕ್ತಿ ಎಂಬ ತಳಿ ಇದೆ. ಅದರಲ್ಲಿ ಇನ್ನೂ ಹೆಚ್ಚು, ಸುಮಾರು 70.

ಒಬ್ಬಾಕೆ ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ ಉಂಡಳು ಎನ್ನಿ. ಸಾಮಾನ್ಯ ಜೋಳದಿಂದ 9 ಮಿಲಿಗ್ರಾಂ ಬಂತು. ಪರಭಣಿ ಶಕ್ತಿಯಿಂದ 13ಕ್ಕೂ ಮೇಲೆ ಬಂತು. ಹೆಂಗಸಿಗೆ ದಿನಕ್ಕೆ 29 ಬೇಕು. ರೊಟ್ಟಿ ಒಂದರಿಂದಲೇ ಪೂರ್ತಿ ಆಗುವುದಿಲ್ಲ ಎಂಬುದು ಲೆಕ್ಕದಲ್ಲೇ ಕಾಣುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಜೊತೆಗೆ ಬೇಳೆ, ಸೊಪ್ಪು, ನಿಂಬೆಹಣ್ಣು ಇರಲಿ. ಆಶಾ ಅಕ್ಕ ಕೊಡುವ ಗುಳಿಗೆಯನ್ನು ಬಿಡಬೇಡಿ.

ಯಾವ ಬೀಜ ಇಡಬಹುದು?

ತಳಿ ಬೇರೆ, ಹೈಬ್ರಿಡ್ ಬೇರೆ. ಎಂ 35-1, ಬಿ.ಎಸ್.ಎಂ.ಆರ್. 736, ಜಿ.ಆರ್.ಜಿ. 811 ಇವು ತಳಿಗಳು. ಇವುಗಳ ಬೀಜವನ್ನು ಮನೆಯಲ್ಲಿ ಇಟ್ಟು ಮರು ವರ್ಷ ಬಿತ್ತಬಹುದು. ಹೈಬ್ರಿಡ್ ಬೀಜ ಇಟ್ಟು ಬಿತ್ತಿದರೆ ಗಿಡ ಒಂದೇ ಸಮ ಬರುವುದಿಲ್ಲ. ಕೆಲವು ಎತ್ತರ, ಕೆಲವು ಗಿಡ್ಡ, ಇಳುವರಿಯೂ ಇಳಿಯುತ್ತದೆ. ಅದನ್ನು ಪ್ರತಿ ವರ್ಷ ಕೊಳ್ಳಲೇಬೇಕು. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಬೀಜ ಇಡುವುದು ನಮ್ಮ ಹಕ್ಕು. 2001ರ ಕಾನೂನಿನಲ್ಲಿ ಇದು ಬರೆದಿದೆ. ರೈತರು ತಾವು ಬೆಳೆದ ಬೀಜ ಇಡಬಹುದು, ಬಿತ್ತಬಹುದು, ಒಬ್ಬರಿಗೊಬ್ಬರು ಕೊಡಬಹುದು, ಮಾರಲೂಬಹುದು. ಕಂಪನಿ ಹೆಸರಿನ ಚೀಲ ಕಟ್ಟಿ ಮಾರುವಂತಿಲ್ಲ, ಅಷ್ಟೇ.

ತೊಗರಿ ಬೀಜ ಇಡುವಾಗ ಒಂದು ಎಚ್ಚರ. ಜೇನು ಹುಳ ಪಕ್ಕದ ಹೊಲದ ತೊಗರಿಯಿಂದ ಹೂವಿನ ಪುಡಿ ತಂದು ಬೆರೆಸುತ್ತದೆ. ಅದಕ್ಕೆ ಬದುವಿನ ಕಡೆಯ ಗಿಡ ಬಿಟ್ಟು ಹೊಲದ ನಡುವಿನ ಗಿಡದಿಂದ ಬೀಜ ತೆಗೆಯಿರಿ. ನೆಟೆ ಬಿದ್ದ ಪಟ್ಟಿಯ ಬೀಜ ಬೇಡ. ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ. ಬಿತ್ತುವ ಮೊದಲು 1 ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ ಹಚ್ಚಿ. ಇದು ಕೆಟ್ಟ ಬೂಜನ್ನು ತಡೆಯುವ ಒಳ್ಳೆಯ ಬೂಜು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಚೀಲದ ಚೀಟಿ ನಾವೇ ಓದೋಣ

ಬೀಜದ ಚೀಲಕ್ಕೆ ಚೀಟಿ ಹೊಲಿದಿರುತ್ತಾರೆ. ನೀಲಿ ಚೀಟಿ ಇದ್ದರೆ ಸರಕಾರದ ಸಂಸ್ಥೆ ಪರೀಕ್ಷೆ ಮಾಡಿ ಪ್ರಮಾಣ ಕೊಟ್ಟ ಬೀಜ. ಹಸಿರು ಚೀಟಿ ಇದ್ದರೆ ಮಾರುವವರೇ ತಮ್ಮ ಹೊಣೆಯಲ್ಲಿ ಬರೆದದ್ದು. ಅಕ್ಷರ ಇಂಗ್ಲಿಷಿನಲ್ಲಿ ಇದ್ದರೆ ಹೆದರಬೇಡಿ. ಅಂಕಿ ನಮಗೆ ಬರುತ್ತದೆ. 736, 811 ಎಂದು ತಳಿಯ ನಂಬರ್ ಹುಡುಕಿ. ಬೀಜದ ಗಡುವು ಮುಗಿಯುವ ತಾರೀಕು ನೋಡಿ. ಮೊಳಕೆ ಶೇಕಡಾ ನೋಡಿ. ತೊಗರಿಗೆ ಅದು 75ಕ್ಕಿಂತ ಕಡಿಮೆ ಇರಬಾರದು.

ಮೊಳಕೆಯನ್ನು ಮನೆಯಲ್ಲೂ ನೋಡಬಹುದು. 100 ಕಾಳು ಎಣಿಸಿ. ಒದ್ದೆ ಗೋಣಿ ತಟ್ಟಿನ ಮೇಲೆ ಸಾಲಾಗಿ ಇಟ್ಟು ಸುತ್ತಿ ಇಡಿ. ದಿನಾ ನೀರು ಚಿಮುಕಿಸಿ. ಆರನೇ ದಿನ ಬಿಚ್ಚಿ ಎಣಿಸಿ. 75ಕ್ಕಿಂತ ಕಡಿಮೆ ಮೊಳೆತಿದ್ದರೆ ಬಿತ್ತುವ ಮೊದಲೇ ಅಂಗಡಿಯವರನ್ನು, ಕೃಷಿ ಇಲಾಖೆಯವರನ್ನು ಕೇಳಿ. ಈ ಪರೀಕ್ಷೆ ರೋಹಿಣಿ ಮಳೆಗೆ ಮೊದಲೇ ಆಗಲಿ. ಚೀಟಿ ಮತ್ತು ರಶೀದಿಯನ್ನು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ, ರಾಶಿ ಮನೆಗೆ ಬರುವ ತನಕ.