ಬಿಗಿದರೆ ಚೈನಿನ ಸವೆತ ನಿಲ್ಲದು
ಸೈಕಲ್ ಚೈನು ಜೋತುಬಿದ್ದರೆ ‘ಎಳೆದುಕೊಂಡಿದೆ, ಟೈಟ್ ಮಾಡಿ’ ಅನ್ನುವುದು ರೂಢಿ. ಉಕ್ಕಿನ ತಟ್ಟೆಗಳೇನೂ ತುಳಿತದ ಬಲಕ್ಕೆ ಹಿಗ್ಗುವುದಿಲ್ಲ. ಹಿಗ್ಗಿದಂತೆ ಕಾಣುವುದಕ್ಕೆ ಕಾರಣ ಕೀಲುಗಳ ಸವೆತ. ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ ಚೈನೇ ಈಗಿನದಕ್ಕೆ ಮೂಲ: ನಡುವೆ ಪಿನ್ನು, ಅದರ ಮೇಲೆ ಬುಶ್, ಅದರ ಮೇಲೆ ತಿರುಗುವ ರೋಲರ್. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಪಿನ್ನು, ಬುಶ್ ಒಂದಕ್ಕೊಂದು ಉಜ್ಜಿ ತೆಳುವಾದಷ್ಟೂ ಈ ಅಂತರ ಕೂದಲೆಳೆಯಷ್ಟು ಹೆಚ್ಚುತ್ತದೆ. 112 ಕೊಂಡಿಗಳ ಚೈನಿನಲ್ಲಿ ಸರಾಸರಿ ಶೇಕಡಾ 1ರಷ್ಟು ಹೆಚ್ಚಿದರೂ ಒಟ್ಟು ಉದ್ದ 14 ಮಿಲಿಮೀಟರ್ ಬೆಳೆದಿರುತ್ತದೆ. ಹಿಂದಿನ ಗಾಲಿಯನ್ನು 7 ಮಿಲಿಮೀಟರ್ ಹಿಂದಕ್ಕೆಳೆದರೆ ಜೋಲು ಮಾಯ. ಸವೆತ ಮಾತ್ರ ಇದ್ದಲ್ಲೇ ಇರುತ್ತದೆ.

ಸವೆತಕ್ಕೆ ಎಷ್ಟು ಅವಕಾಶವಿದೆಯೆಂದು ಲೆಕ್ಕ ಹಾಕಬಹುದು. ಮುಂದೆ 44 ಹಲ್ಲುಗಳಿದ್ದು ನಿಮಿಷಕ್ಕೆ 60 ಸುತ್ತು ತುಳಿದರೆ ಇಡೀ ಚೈನು ನಿಮಿಷಕ್ಕೆ ಸುಮಾರು 23.6 ಸಲ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಒಂದೊಂದು ಕೀಲು ಎರಡು ಸಲ ಮಡಚಿ ಎರಡು ಸಲ ಬಿಚ್ಚಿಕೊಳ್ಳುತ್ತದೆ, ಒಟ್ಟು ನಾಲ್ಕು ಸಲ ಉಜ್ಜುತ್ತದೆ. ಅಂದರೆ ಗಂಟೆಗೆ 5,600ಕ್ಕೂ ಹೆಚ್ಚು ಸಲ. ಅದರಲ್ಲಿ ಅರ್ಧದಷ್ಟು ಮೇಲಿನ ಬಿಗಿ ಭಾಗದಲ್ಲಿ, ಪೂರ್ತಿ ಭಾರ ಹೊತ್ತಾಗ. ಆ ಸಂದಿಗೆ ನುಣ್ಣನೆಯ ಮರಳು ಸೇರಿದರೆ ಉಪ್ಪುಕಾಗದದ ಕೆಲಸ ಶುರು.

‘ಎಣ್ಣೆಯಿಂದ ಲಾಭವೇ ಇಲ್ಲವೆಂದು ಪ್ರಯೋಗವೇ ತೋರಿಸಿದೆಯಲ್ಲ’ ಎಂದು ಬಲ್ಲವರು ಆಕ್ಷೇಪಿಸಬಹುದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ತಂಡ 1999ರಲ್ಲಿ ಅಳೆದಾಗ ಚೈನಿನ ದಕ್ಷತೆ ಶೇಕಡಾ 98.6ರವರೆಗೂ ಏರಿತ್ತು, ಎಣ್ಣೆ ಹಾಕಿದ್ದಕ್ಕೂ ಬಿಟ್ಟಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ನಿಜ. ಆದರೆ ಅವರು ಅಳೆದದ್ದು ಶಕ್ತಿಯ ನಷ್ಟವನ್ನು, ಲೋಹದ ಆಯಸ್ಸನ್ನಲ್ಲ. ಪ್ರಯೋಗಾಲಯದಲ್ಲಿ ಬಯಲುಸೀಮೆಯ ಧೂಳೂ ಇಲ್ಲ, ಮಲೆನಾಡಿನ ಮಳೆಯೂ ಇಲ್ಲ. ಹಾಗೆಂದು ಎಣ್ಣೆ ಸುರಿಯುವುದೂ ತಪ್ಪೇ. ಹೊರಗೆ ಮೆತ್ತಿದ ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು, ಕೆಳಭಾಗದ ಒಳಮೈಗೆ ರೋಲರಿಗೊಂದು ಹನಿಯಂತೆ ಬಿಟ್ಟು ಪೆಡಲನ್ನು ಹಿಂದಕ್ಕೆ ತಿರುಗಿಸಬೇಕು, ಆಮೇಲೆ ಹೊರಮೈಯನ್ನು ಬಟ್ಟೆಯಿಂದ ಒಣಗುವಷ್ಟು ಒರೆಸಬೇಕು. ಹಳೆಯ ಕಾಲದ ದಪ್ಪ ಸೈಕಲ್ಲುಗಳಿಗೆ ಚೈನನ್ನು ಪೂರ್ತಿ ಮುಚ್ಚುವ ಕವರ್ ಇರುತ್ತಿತ್ತು. ಅದನ್ನು ಬರೀ ಪ್ಯಾಂಟು, ಪಂಚೆಯ ರಕ್ಷಣೆಗೆಂದು ತಿಳಿದು ಕಿತ್ತೆಸೆದವರು ಚೈನಿನ ಆಯಸ್ಸನ್ನೂ ಕಿತ್ತೆಸೆದರು.

ಬಿಗಿಯುವುದೇ ಬೇಡವೆಂದಲ್ಲ. ಗೇರಿಲ್ಲದ ಸೈಕಲ್ಲಿನಲ್ಲಿ ಚೈನಿನ ನಡುಭಾಗ ಸುಮಾರು ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಮುಂದಿನ ಹಲ್ಲುಚಕ್ರ ಪೂರ್ತಿ ವೃತ್ತಾಕಾರ ಇರುವುದು ಅಪರೂಪ. ಪೆಡಲ್ ತಿರುಗಿಸಿ ಅತಿ ಬಿಗಿಯಾಗುವ ಜಾಗ ಹುಡುಕಿ ಅಲ್ಲೇ ಅಳೆಯಬೇಕು. ಅದಕ್ಕಿಂತ ಬಿಗಿದರೆ ಹೊರೆ ಬೇರಿಂಗುಗಳ ಮೇಲೆ ಬೀಳುತ್ತದೆ. ನಟ್ಟು ಬಿಗಿಯುವಾಗ ಗಾಲಿ ಫ್ರೇಮಿನ ನಡುವೆಯೇ ನಿಂತಿದೆಯೇ ನೋಡಿಕೊಳ್ಳಬೇಕು.

‘ಬರೀ ಬಿಗಿದುಕೊಂಡೇ ಹತ್ತು ವರ್ಷ ಓಡಿಸುವವರಿದ್ದಾರಲ್ಲ?’ ಇದ್ದಾರೆ. ಚೈನಿನ ಜೊತೆಗೇ ಹಲ್ಲುಗಳೂ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಕಷ್ಟ ತಿಳಿಯುವುದು ಹೊಸ ಚೈನು ಹಾಕಿದ ದಿನ: ಹಳೆಯ ಫ್ರೀವೀಲಿನ ಮೇಲೆ ಅದು ಕೂರದೆ ಜಾರುತ್ತದೆ. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿದರೆ ಹೊಸ ಚೈನಿನಲ್ಲಿ 12 ಇಂಚಿನ ಗೆರೆಗೆ ಸರಿಯಾಗಿ ಇನ್ನೊಂದು ಪಿನ್ನು ಸಿಗುತ್ತದೆ. ಅದು ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ ಸರಿದಿದ್ದರೆ ಚೈನೊಂದನ್ನೇ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಎಂಟನೇ ಒಂದು ಭಾಗ ದಾಟಿದ್ದರೆ ಫ್ರೀವೀಲಿಗೂ ದುಡ್ಡು ಎತ್ತಿಡಬೇಕು.