ರೈತನ ಕೈಗೆ ಯಾವ ವಾಚು?

ಹೋದ ಬೇಸಿಗೆಯ ಮಾತು. ಮಖ್ತಲ್ ಕಡೆಯ ನಮ್ಮ ಹೊಲದ ಬೋರು ಎರಡು ಗಂಟೆ ನೀರು ಕೊಟ್ಟು ನಿಲ್ಲುತ್ತದೆ. ಮತ್ತೆ ನೀರು ಊರುವತನಕ ಕಾಯಬೇಕು. ಒಂದು ರಾತ್ರಿ ಮೋಟಾರು ಹಾಕಿ, ಕೈಯಲ್ಲಿದ್ದ ಸ್ಮಾರ್ಟ್‌ವಾಚಿಗೆ ಅಲಾರಂ ಇಟ್ಟು ಬದುವಿನ ಮೇಲೆ ಅಡ್ಡಾದೆ. ನಡುವೆ ವಾಚಿನ ಚಾರ್ಜು ತೀರಿತು. ಎಚ್ಚರವಾಗುವಷ್ಟರಲ್ಲಿ ನೀರಿಲ್ಲದೆ ತಿರುಗಿದ ಮೋಟಾರು ಸುಟ್ಟಿತ್ತು. ತಪ್ಪು ಚಾರ್ಜು ಮಾಡದ ನನ್ನದೇ. ಆದರೆ ಪದೇ ಪದೇ ಮೇವು ಕೇಳುವ ವಾಚು ಹೊಲದ ಕೆಲಸಕ್ಕೆ ತಕ್ಕುದೇ ಎಂದು ರೈತ ಬಾಂಧವರು ಯೋಚಿಸಬೇಕು.

ನಮ್ಮ ಹಿರಿಯರು ಎಚ್.ಎಂ.ಟಿ. ಕಟ್ಟುತ್ತಿದ್ದರು. ೧೯೬೧ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅದರ ತಯಾರಿಕೆ ಮೊದಲಾಯಿತು. ಅದಕ್ಕೂ ದಿನಾ ಕೀಲಿ ಕೊಡಬೇಕಿತ್ತು. ಕೀಲಿಗೆ ಮಾತ್ರ ಕರೆಂಟು ಬೇಡ.

ಈಗಿನ ಸಾದಾ ಡಿಜಿಟಲ್ ವಾಚಿಗೆ ಕೀಲಿಯೂ ಬೇಡ. ಕ್ಯಾಸಿಯೊ ಕಂಪನಿ ೧೯೮೯ರಲ್ಲಿ ತಂದ ಎಫ್-೯೧ಡಬ್ಲ್ಯು ಒಂದು ಸೆಲ್ಲಿನ ಮೇಲೆ ಸುಮಾರು ೭ ವರ್ಷ ನಡೆಯುತ್ತದೆ. ಅದರಲ್ಲಿ ಅಲಾರಂ ಒಂದೇ. ಅದೇ ಕಂಪನಿಯ ಎಇ-೧೨೦೦ ಮಾದರಿಗೆ ಸುಮಾರು ೧೦ ವರ್ಷದ ಸೆಲ್ಲು, ೫ ಅಲಾರಂ, ಇಷ್ಟು ಹೊತ್ತಾದ ಮೇಲೆ ಕೂಗು ಎಂದು ಗೊತ್ತುಮಾಡುವ ಟೈಮರೂ ಇವೆ. ಗದ್ವಾಲದ ಕಡೆ ಬೀಜದ ಹತ್ತಿ ಬೆಳೆಯುವವರಿಗೂ ಇದು ಉಪಯೋಗ. ಸಂಜೆ ಮೊಗ್ಗಿನ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವುದು, ಎರಡಕ್ಕೂ ಹೊತ್ತು ಮೀರಬಾರದು.

ಇನ್ನು ಸ್ಟಾಪ್‌ವಾಚಿನ ಲಾಭ ಕೇಳಿ. ೨೦೦ ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗಿಟ್ಟು ತುಂಬುವ ಹೊತ್ತು ಅಳೆಯಿರಿ. ೫೦ ಸೆಕೆಂಡು ಹಿಡಿದರೆ ಸೆಕೆಂಡಿಗೆ ೪ ಲೀಟರು, ಗಂಟೆಗೆ ೧೪,೪೦೦ ಲೀಟರು ನೀರು. ಒಂದೆಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು ೧,೦೩,೦೦೦ ಲೀಟರು ಬೇಕು. ಅಂದರೆ ಏಳು ಗಂಟೆಗೂ ತುಸು ಹೆಚ್ಚು. ದಾರಿಯಲ್ಲಿ ಇಂಗುವ ನೀರಿನ ಲೆಕ್ಕ ಬೇರೆ. ಪ್ರತಿ ತಿಂಗಳೂ ಹೀಗೆ ಅಳೆದು ಬರೆದಿಡಿ. ೫೦ ಸೆಕೆಂಡು ೭೦ ಆಯಿತೆಂದರೆ ಬೋರು ಸೊರಗುತ್ತಿದೆ. ಶೇಂಗಾ ಎಷ್ಟೆಕರೆ ಬಿತ್ತಬೇಕೆಂಬುದನ್ನು ಆ ಲೆಕ್ಕ ನೋಡಿಯೇ ತೀರ್ಮಾನಿಸಿ.

ಸ್ಮಾರ್ಟ್‌ವಾಚು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ನಾಡಿ ಎಣಿಸುತ್ತದೆ, ಹೆಜ್ಜೆ ಲೆಕ್ಕ ಹಾಕುತ್ತದೆ, ಫೋನು ಬಂದದ್ದು ತಿಳಿಸುತ್ತದೆ. ವೈದ್ಯರು ಕಟ್ಟಿಕೊಳ್ಳಲು ಹೇಳಿದ್ದರೆ ಕಟ್ಟಿಕೊಳ್ಳಿ. ಆದರೆ ಅದಕ್ಕೆ ದಿನಕ್ಕೊಮ್ಮೆಯೋ ಕೆಲವು ದಿನಕ್ಕೊಮ್ಮೆಯೋ ಚಾರ್ಜು ಬೇಕು. ಹೆಚ್ಚಿನ ಕೆಲಸಕ್ಕೆ ಮೊಬೈಲಿನ ಜೊತೆಯೂ ಬೇಕು.

ನಾರಾಯಣಪೇಟೆಗೆ ಹೋದಾಗ ವಾಚು ಕೊಳ್ಳುವವರು ಹೆಸರಿಗಿಂತ ಗುಣ ನೋಡಿ. ಅಂಕಿ ದೊಡ್ಡದಿರಲಿ, ಬಿಸಿಲಿನಲ್ಲಿ ಕಾಣಲಿ, ಕತ್ತಲಿಗೆ ದೀಪವಿರಲಿ. ನೀರು ತಡೆಯುವ ಗುರುತು ೧೦೦ ಮೀಟರ್ ಇದ್ದರೆ ಒಳ್ಳೆಯದು. ಅಷ್ಟು ಆಳಕ್ಕೆ ಇಳಿಯಬಹುದೆಂದು ಅದರ ಅರ್ಥವಲ್ಲ. ನೀರೊಳಗೆ ಗುಂಡಿ ಒತ್ತಬೇಡಿ.

ವಾಚು ನಮ್ಮನ್ನು ಎಬ್ಬಿಸಬಲ್ಲದು, ಮೋಟಾರು ನಿಲ್ಲಿಸಲಾರದು. ನೀರು ತೀರಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನವನ್ನು ಸ್ಟಾರ್ಟರಿಗೆ ಹಾಕಿಸಿಕೊಳ್ಳಿ. ನಾನು ಈಗ ಎರಡನ್ನೂ ಮಾಡಿದ್ದೇನೆ. ಸುಟ್ಟ ಮೇಲೆ ಬಂದ ಬುದ್ಧಿ. ನೀವು ಸುಡುವ ಮೊದಲೇ ಮಾಡಿರಿ.